ಪಕ್ಕದ ಮನೆಯವರು ಸ್ಲಾಟ್ ಕಾರ್ ಓಡಿಸಲು ಕರೆದಿದ್ದಾರೆಯೇ? ಹೋಗಿ

ಇಂಗ್ಲೆಂಡಿನ ಹ್ಯಾವಂಟ್‌ಗೆ ಬಂದು ಕೆಲವು ತಿಂಗಳಾದರೂ ಮಳೆ, ಚಳಿಯ ವಿಚಾರ ಬಿಟ್ಟು ಯಾರೊಂದಿಗೂ ಮಾತು ಬೆಳೆದಿಲ್ಲ, ಪಬ್‌ಗೆ ಹೋಗುವ ಅಭ್ಯಾಸವಿಲ್ಲ ಎಂದು ಬರೆದಿದ್ದೀರಿ. ಪಕ್ಕದ ಮನೆಯ ಹಿರಿಯರು ಮಾತ್ರ ವಾರಕ್ಕೊಮ್ಮೆ ನಡೆಯುವ ಸ್ಕೇಲೆಕ್ಸ್‌ಟ್ರಿಕ್ (ಸೀಳಿರುವ ಹಾದಿಯಲ್ಲಿ ಪುಟ್ಟ ವಿದ್ಯುತ್ ಕಾರು ಓಡಿಸುವ ಸ್ಲಾಟ್ ಕಾರ್ ಆಟ) ಕೂಟಕ್ಕೆ ಕರೆಯುತ್ತಿದ್ದಾರೆ, ಮಕ್ಕಳ ಆಟಿಕೆಗೆ ಎಪ್ಪತ್ತರ ಹರೆಯದವರೇಕೆ ಸೇರುತ್ತಾರೆ, ಹೋಗಲೋ ಬೇಡವೋ ಎಂದು ಕೇಳಿದ್ದೀರಿ. ನೀವು ನನ್ನ ತಮ್ಮನ ವಯಸ್ಸಿನವರು, ಹಾಗಾಗಿ ಸಲುಗೆಯಿಂದಲೇ ಹೇಳುತ್ತೇನೆ: ಹೋಗಿ. ಈ ವಾರವೇ ಹೋಗಿ.

ನೀವು ಬಂದು ನೆಲೆಸಿರುವ ಊರೇ ಆ ಆಟದ ತವರು. ಫ್ರೆಡ್ ಫ್ರಾನ್ಸಿಸ್ ಎಂಬವರ ಮಿನಿಮಾಡೆಲ್ಸ್ ಕಂಪನಿ 1950ರ ದಶಕದಲ್ಲಿ ಸ್ಕೇಲೆಕ್ಸ್ ಎಂಬ ಸ್ಪ್ರಿಂಗ್ ಕಾರುಗಳನ್ನು ತಯಾರಿಸುತ್ತಿತ್ತು. ಸ್ಪ್ರಿಂಗ್ ಕಾರನ್ನು ಒಮ್ಮೆ ಬಿಟ್ಟರೆ ಮುಗಿಯಿತು, ಅದು ಹೋದದ್ದೇ ದಾರಿ; ಆಡುವವನಿಗೆ ನೋಡುವುದಷ್ಟೇ ಕೆಲಸ. ಫ್ರಾನ್ಸಿಸ್ ಅದರೊಳಗೆ ವಿದ್ಯುತ್ ಮೋಟಾರು ಇಟ್ಟರು, ನಡುವೆ ಸೀಳು ಬಿಟ್ಟ ರಬ್ಬರ್ ಹಾದಿ ಮಾಡಿದರು, ಸ್ಕೇಲೆಕ್ಸ್‌ಟ್ರಿಕ್ ಎಂದು ಹೆಸರಿಟ್ಟು 1957ರಲ್ಲಿ ಹ್ಯಾರೊಗೇಟ್‌ನ ಆಟಿಕೆ ಮೇಳದಲ್ಲಿ ತೋರಿಸಿದರು. ಮರುವರ್ಷವೇ ಲೈನ್ಸ್ ಬ್ರದರ್ಸ್ ಎಂಬ ದೊಡ್ಡ ಆಟಿಕೆ ಸಂಸ್ಥೆ ಕಂಪನಿಯನ್ನು ಕೊಂಡುಕೊಂಡಿತು. ಆದರೂ ಕಾರುಗಳು ಹ್ಯಾವಂಟ್‌ನಲ್ಲೇ ತಯಾರಾಗುತ್ತಿದ್ದವು. ನಿಮ್ಮ ಬೀದಿಯ ಹಿರಿಯರನ್ನು ಕೇಳಿ ನೋಡಿ, ಆ ಕಾರ್ಖಾನೆಯಲ್ಲಿ ದುಡಿದ ಅಮ್ಮನೋ ಚಿಕ್ಕಮ್ಮನೋ ಯಾರಿಗಾದರೂ ಇದ್ದೇ ಇರುತ್ತಾರೆ.

ಆಟ ಸರಳ. ಕಾರಿನ ಮೂತಿಯ ಕೆಳಗಿರುವ ಪುಟ್ಟ ನಾಲಗೆ ಹಾದಿಯ ಸೀಳಿನೊಳಗೆ ಇಳಿದಿರುತ್ತದೆ. ಸೀಳಿನ ಎರಡೂ ಬದಿ ಲೋಹದ ಪಟ್ಟಿ. ಅದನ್ನು ಸವರಿಕೊಂಡು ಹೋಗುವ ತಾಮ್ರದ ಎಳೆಗಳ ಕುಚ್ಚು ಮೋಟಾರಿಗೆ ವಿದ್ಯುತ್ ಒಯ್ಯುತ್ತದೆ. ನಿಮ್ಮ ಕೈಯಲ್ಲಿರುವುದು ಒಂದು ಟ್ರಿಗರ್ ಮಾತ್ರ, ಸ್ಟಿಯರಿಂಗ್ ಇಲ್ಲ. ಒತ್ತಿದಷ್ಟೂ ವೇಗ. ತಿರುವಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಹಿಂಬದಿ ಜಾರಿ, ನಾಲಗೆ ಸೀಳಿನಿಂದ ಕಿತ್ತು, ಕಾರು ಪಲ್ಟಿ ಹೊಡೆಯುತ್ತದೆ. ಈಗಿನ ಕಾರುಗಳ ಹೊಟ್ಟೆಯಲ್ಲಿ ಅಯಸ್ಕಾಂತವಿದ್ದು ಹಾದಿಗೆ ಅಂಟಿಕೊಂಡೇ ಓಡುತ್ತವೆ. ಹಳಬರು ಅದನ್ನು ಕಿತ್ತು ತೆಗೆದಿಡುತ್ತಾರೆ. ಅವರು ಮಾಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜಾರುವ ಅಂಚಿನಲ್ಲಿ ಕಾರನ್ನು ಹಿಡಿದಿಡುವ ಬೆರಳಿನ ಹದ ಇಲ್ಲದಿದ್ದರೆ ಈ ಆಟದಲ್ಲಿ ಉಳಿಯುವುದೇನು?

1960ರ ದಶಕದಲ್ಲಿ ಬೆಳೆದ ಇಲ್ಲಿನ ಹುಡುಗರಿಗೆ ಕ್ರಿಸ್ಮಸ್ ಎಂದರೆ ಈ ಆಟದ ಪೆಟ್ಟಿಗೆಯೇ ಆಗಿತ್ತು. ಅಮೆರಿಕದಲ್ಲಂತೂ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಓಡಿಸುವ ದೊಡ್ಡ ಟ್ರ್ಯಾಕ್‌ಗಳು ಊರೂರಿನಲ್ಲಿ ತೆರೆದುಕೊಂಡವು, ದಶಕ ಮುಗಿಯುವಷ್ಟರಲ್ಲಿ ಬಹುಪಾಲು ಮುಚ್ಚಿಯೂ ಹೋದವು. ಇಲ್ಲಿ ಲೈನ್ಸ್ ಬ್ರದರ್ಸ್ 1971ರಲ್ಲಿ ಕುಸಿಯಿತು. ಸ್ಕೇಲೆಕ್ಸ್‌ಟ್ರಿಕ್ ಉಳಿದುಕೊಂಡಿತು, ಮುಂದೆ ಬಹುಕಾಲ ಅದು ಹಾರ್ನ್‌ಬಿ ಎಂಬ ಆಟಿಕೆ ಸಂಸ್ಥೆಯ ಕೈಯಲ್ಲಿತ್ತು. ಆದರೆ ವಿಡಿಯೊ ಗೇಮ್ ಬಂದ ಮೇಲೆ ಮನೆಯ ನಡುಕೋಣೆಯ ನೆಲದ ಮೇಲೆ ಟ್ರ್ಯಾಕ್ ಹಾಸುವವರು ಕಡಿಮೆಯಾದರು. ಅಂದಿನ ಹುಡುಗರೇ ಇಂದು ಚರ್ಚ್ ಹಾಲ್‌ಗಳಲ್ಲಿ ಸೇರುವ ಆ ಹಿರಿಯರು. ಅವರ ಪ್ರೀತಿಯನ್ನು ಬರೀ ಹಳೆಯ ನೆನಪಿನ ಹಂಬಲ ಎಂದು ತಳ್ಳಿಹಾಕಬೇಡಿ. 2009ರಲ್ಲಿ ಸರ‍್ರೆಯ ಬ್ರೂಕ್‌ಲ್ಯಾಂಡ್ಸ್‌ನಲ್ಲಿ, 1907ರಷ್ಟು ಹಳೆಯ ಆ ರೇಸ್ ಹಾದಿಯ ಜಾಡಿನಲ್ಲೇ, ಕಟ್ಟಡ, ರಸ್ತೆ, ನೀರು ಎಲ್ಲವನ್ನೂ ದಾಟಿಸಿ ನಾಲ್ಕು ಕಿಲೋಮೀಟರಿಗೂ ಉದ್ದದ ಸ್ಕೇಲೆಕ್ಸ್‌ಟ್ರಿಕ್ ಹಾಸಿದರು. ಹಾಸಲು ಕೈಜೋಡಿಸಿದವರಲ್ಲಿ ಹೆಚ್ಚಿನವರು ಸ್ವಯಂಸೇವಕರು.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಸ್ನೇಹದ್ದು. ಸ್ಲಾಟ್ ಕಾರ್ ಕೂಟದಲ್ಲಿ ಒಂದು ಕಟ್ಟಳೆ ಇದೆ: ನಿಮ್ಮ ಸುತ್ತಿನ ಓಟ ಮುಗಿದರೆ ಮುಂದಿನ ಸುತ್ತಿಗೆ ನೀವು ಮಾರ್ಷಲ್. ಒಂದು ತಿರುವಿನ ಬಳಿ ನಿಂತು, ಹಾರಿಬಿದ್ದ ಕಾರನ್ನು ಹೆಕ್ಕಿ, ಮೂತಿಯನ್ನು ಸೀಳಿಗೆ ಕೂರಿಸಿ, ಬೇರೆ ಕಾರಿಗೆ ಅಡ್ಡಬಾರದಂತೆ ಕೈ ಹಿಂದಕ್ಕೆ ತೆಗೆಯಬೇಕು. ನಿಮ್ಮ ಕಾರು ಬಿದ್ದಾಗ ಇನ್ನೊಬ್ಬರು ಅದನ್ನೇ ಮಾಡುತ್ತಾರೆ. ಈ ನಾಡಿನ ಜನ ಎದುರುಬದುರು ಕೂತು ತಮ್ಮ ವಿಚಾರ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಅಕ್ಕಪಕ್ಕ ನಿಂತು, ಕಣ್ಣು ಟ್ರ್ಯಾಕ್ ಮೇಲಿದ್ದಾಗ, ಹೆಂಡತಿಯ ಕಾಯಿಲೆಯಿಂದ ಹಿಡಿದು ಮಗನ ನಿರುದ್ಯೋಗದವರೆಗೆ ತಾವಾಗಿಯೇ ಹೇಳುತ್ತಾರೆ. ನನಗೆ ಇಲ್ಲಿ ಸಿಕ್ಕ ಗಟ್ಟಿ ಗೆಳೆತನಗಳು ಹೀಗೆ ಕೈ ಕೆಲಸದಲ್ಲಿದ್ದಾಗ ಹುಟ್ಟಿದವು. ಕನ್ನಡ ಬಳಗದ ಯುಗಾದಿ, ದೀಪಾವಳಿಗಳಿಗೂ ಖಂಡಿತ ಹೋಗಿ, ಅಲ್ಲಿ ಸಿಗುವ ನೆಮ್ಮದಿಯೇ ಬೇರೆ. ಆದರೆ ನೆರೆಯವರು ನೆರೆಯವರೇ.

ಮೊದಲೇ ಕಾರು ಕೊಳ್ಳಬೇಡಿ, ಯಾರಾದರೂ ಒಂದನ್ನು ಕೊಡುತ್ತಾರೆ. ಹಳೆಯ ಪೆಟ್ಟಿಗೆಗಳ ಹರಾಜಿನತ್ತ ಸುಳಿಯಲೇ ಬೇಡಿ, ಅದು ಸಂಗ್ರಾಹಕರ ಲೋಕ. ಓಟಕ್ಕೆ ಮುಂಚೆ ಅವರು ಅಂಟುಪಟ್ಟಿಯ ಮೇಲೆ ಹಿಂದಿನ ಟೈರು ಉರುಳಿಸಿ ದೂಳು ತೆಗೆಯುವುದನ್ನು, ತಾಮ್ರದ ಕುಚ್ಚನ್ನು ಉಗುರಿನಿಂದ ಹರವಿ ಸಮ ಮಾಡುವುದನ್ನು ನೋಡಿ ಕಲಿಯಿರಿ. ಬಾಲ್ಯದಲ್ಲಿ ಯಾವ ಕಾರು ಇತ್ತು ಎಂದು ಒಮ್ಮೆ ಕೇಳಿದರೆ ಸಾಕು, ಮಾತಿಗೆ ಬರವಿಲ್ಲ. ಕುಡಿಯಲು ಹೆಚ್ಚಿನ ಕಡೆ ಚಹಾ, ಬಿಸ್ಕತ್ತು ಅಷ್ಟೇ. ಆ ಚಿಂತೆ ಬಿಡಿ. ಏಳಕ್ಕೆ ಬನ್ನಿ ಎಂದಿದ್ದರೆ ಸ್ವಲ್ಪ ಮುಂಚೆಯೇ ಹೋಗಿ, ಟ್ರ್ಯಾಕ್ ಜೋಡಿಸಲು ಅವರಿಗೆ ಯಾವಾಗಲೂ ಕೈ ಸಾಲದು.