ಎಳೆದರೆ ತುಂಡಾಗುವ ನೂಡಲ್ಸ್

ಪ್ರಶ್ನೆ: ಅಕ್ಕಾ, ಕೆಲಸದ ಮೇಲೆ ಚೀನಾದ ಲಾನ್‌ಝೌ ನಗರಕ್ಕೆ ಹೋಗಿದ್ದಾಗ ಕೈಯಲ್ಲಿ ಎಳೆದು ಮಾಡುವ ನೂಡಲ್ಸ್ ತಿಂದೆ. ಆ ರುಚಿ ಇನ್ನೂ ನಾಲಿಗೆ ಮೇಲಿದೆ. ಮನೆಗೆ ಬಂದ ಮೇಲೆ ಮೈದಾ, ಉಪ್ಪು, ನೀರು ಕಲಸಿ, ಅರ್ಧ ಗಂಟೆ ಬಿಟ್ಟು ಎಳೆದು ನೋಡಿದೆ. ಒಂದು ಗೇಣು ಬರುವಷ್ಟರಲ್ಲಿ ತುಂಡಾಗುತ್ತದೆ, ಇಲ್ಲವೇ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಕೈಯಲ್ಲಿ ದೋಷವಿಲ್ಲ. ಎಳೆಯುವ ನೂಡಲ್ಸ್‌ಗಳಲ್ಲೇ ಅತಿ ಕಷ್ಟದ್ದರಿಂದ ನೀವು ಶುರು ಮಾಡಿದ್ದೀರಿ, ಅಷ್ಟೇ.

ಲಾನ್‌ಝೌನಲ್ಲಿ ಅಡುಗೆಯವರ ಕೈಯನ್ನು ನೀವೂ ನೋಡಿರುತ್ತೀರಿ. ಹಿಟ್ಟಿನ ಒಂದು ದಪ್ಪ ಎಳೆಯನ್ನು ಎರಡೂ ಕೈ ಚಾಚಿ ಎಳೆಯುತ್ತಾರೆ. ಮಡಚಿದರೆ 2, ಮತ್ತೆ ಎಳೆದು ಮಡಚಿದರೆ 4. ಹೀಗೆ 8 ಸಲ ಮಡಚಿದರೆ 256 ಎಳೆ. ಅಲ್ಲಿನವರಿಗೆ ಇದು ಬೆಳಗಿನ ತಿಂಡಿ. ಯಾವ ದಪ್ಪ ಬೇಕು ಎಂದು ನಾವೇ ಹೇಳಬೇಕು. ಕೂದಲಿನಷ್ಟು ಸಣ್ಣದರಿಂದ ಹಿಡಿದು ಬೆಲ್ಟಿನಷ್ಟು ಅಗಲದವರೆಗೆ ಎಲ್ಲವನ್ನೂ ಅದೇ ಹಿಟ್ಟಿನಿಂದ, ಕಣ್ಣೆದುರೇ ಎಳೆದು ಕೊಡುತ್ತಾರೆ. ನನಗೆ ಇಷ್ಟ ಅರ್‌ಶಿ, ಅಂದರೆ ಸಣ್ಣದಕ್ಕಿಂತ ಸ್ವಲ್ಪ ದಪ್ಪನೆಯದು. ಕೂದಲೆಳೆಯದು ನೋಡಲು ಸೊಗಸು, ಆದರೆ ಬಿಸಿ ಸಾರಿನಲ್ಲಿ ಬೇಗ ಮೆತ್ತಗಾಗುತ್ತದೆ. ಅರ್‌ಶಿ ಕೊನೆಯ ತುತ್ತಿನವರೆಗೂ ಹಲ್ಲಿಗೆ ಸಿಗುತ್ತದೆ.

ಈಗ ಹಿಟ್ಟಿನ ವಿಷಯ. ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್ ಗ್ಲೂಟನ್. ಅದಕ್ಕೆ ಎರಡು ಗುಣ. ಎಳೆದರೆ ಉದ್ದವಾಗುವುದು ಒಂದು, ಬಿಟ್ಟರೆ ಹಿಂದಕ್ಕೆ ಸೆಳೆಯುವುದು ಇನ್ನೊಂದು. ನಾದಿದಷ್ಟೂ ಎರಡನೆಯದು ಜೋರಾಗುತ್ತದೆ. ಸುಮ್ನೆ ಬಿಟ್ಟರೆ ಅದು ತಗ್ಗುತ್ತದೆ. ನೀವು ಚೆನ್ನಾಗಿ ನಾದಿ ಅರ್ಧ ಗಂಟೆಯಲ್ಲೇ ಎಳೆದಿದ್ದೀರಿ, ಹಿಟ್ಟಿನ ಬಿಗಿ ಇನ್ನೂ ಇಳಿದಿರಲಿಲ್ಲ. ಲಾನ್‌ಝೌನವರು ಕಾಯುವುದರ ಜೊತೆಗೆ ಇನ್ನೊಂದು ದಾರಿಯನ್ನೂ ಹಿಡಿಯುತ್ತಾರೆ. ಹಿಟ್ಟನ್ನು ಎಳೆದು, ಹಗ್ಗ ಹೊಸೆದಂತೆ ತಿರುಚಿ, ಮತ್ತೆ ಮಡಚಿ ಎಳೆದು, ಹಿಂದಕ್ಕೆ ಸೆಳೆಯುವ ಶಕ್ತಿಯನ್ನೇ ಮುರಿಯುತ್ತಾರೆ. ಅದಕ್ಕೆ ತೋಳಿನ ಬಲ ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಇದನ್ನು ಕಲಿಸುವ ಶಾಲೆಗಳೇ ಅಲ್ಲಿವೆ.

ಜೊತೆಗೆ ಒಂದು ಕ್ಷಾರವೂ ಸೇರುತ್ತದೆ. ಲಾನ್‌ಝೌ ಇರುವ ಗಾನ್ಸು ಪ್ರಾಂತ್ಯದ ಒಣ ನೆಲದಲ್ಲಿ ಬೆಳೆಯುವ ಒಂದು ಗಿಡವನ್ನು ಸುಟ್ಟು ತೆಗೆದ ಬೂದಿ ಅದು, ಹೆಸರು ಪೆಂಗ್‌ಹುಯ್. ಅದರಲ್ಲಿ ಮುಖ್ಯವಾಗಿ ಇರುವುದು ಪೊಟ್ಯಾಸಿಯಂ ಕಾರ್ಬೊನೇಟ್. ನೂಡಲ್ಸ್‌ನ ತೆಳು ಹಳದಿ ಬಣ್ಣ, ಜಗಿಯುವಾಗ ಸಿಗುವ ಗಟ್ಟಿತನ ಬರುವುದು ಇದರಿಂದ. ಈಗ ಹೆಚ್ಚಿನ ಅಂಗಡಿಗಳಲ್ಲಿ ಕಾರ್ಖಾನೆಯಲ್ಲಿ ಮಾಡಿದ ಪುಡಿ ಹಾಕುತ್ತಾರೆ. ಬಟ್ಟೆ ಒಗೆಯುವ ಸೋಡಾವನ್ನು ಇದರ ಬದಲು ಹಾಕಲು ಮಾತ್ರ ಹೋಗಬೇಡಿ, ಅದು ತಿನ್ನುವ ವಸ್ತುವಲ್ಲ.

ಮನೆಯಲ್ಲಿ ಮೊದಲು ಮಾಡಬೇಕಾದದ್ದು ಶಾನ್‌ಕ್ಸಿ ಪ್ರಾಂತ್ಯದ ಬ್ಯಾಂಗ್‌ಬ್ಯಾಂಗ್ ನೂಡಲ್ಸ್. ಷಿಯಾನ್ ನಗರದಲ್ಲಿ ಇದು ಬಹಳ ಹೆಸರುವಾಸಿ. ಅಗಲ ಪಟ್ಟಿಯ ನೂಡಲ್ಸ್ ಇದು. ಕ್ಷಾರ ಬೇಡ, ತಿರುಚುವುದೂ ಬೇಡ. 300 ಗ್ರಾಂ ಮೈದಾ, 150 ಗ್ರಾಂ ನೀರು, ಅರ್ಧ ಚಮಚ ಉಪ್ಪು. ನೀರನ್ನೂ ತೂಗಿಯೇ ಹಾಕಿ. ಪ್ಯಾಕೆಟ್ ನೋಡಿ, 100 ಗ್ರಾಂ ಹಿಟ್ಟಿಗೆ ಪ್ರೋಟೀನ್ 11 ಗ್ರಾಂ ಆಸುಪಾಸು ಇದ್ದರೆ ಒಳ್ಳೆಯದು. ಕೇಕಿಗೆಂದೇ ಮಾರುವ ಮೆದು ಹಿಟ್ಟು ಆಗದು. ಮೊದಲು ಹಿಟ್ಟು ಒರಟಾಗಿಯೇ ಇರುತ್ತದೆ. ಗಾಬರಿಯಾಗಿ ನೀರು ಜಾಸ್ತಿ ಮಾಡಬೇಡಿ. ಮುಚ್ಚಿಟ್ಟು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನಾದಿದರೆ ತಾನೇ ನುಣ್ಣಗಾಗುತ್ತದೆ.

ಆಮೇಲೆ ಆರು ಉಂಡೆ ಮಾಡಿ. ಬೆರಳುದ್ದಕ್ಕೆ ಹೊಸೆದು, ಚಪ್ಪಟೆ ಮಾಡಿ, ಎಲ್ಲ ಕಡೆ ಎಣ್ಣೆ ಸವರಿ, ತಟ್ಟೆಯಲ್ಲಿಟ್ಟು ಮುಚ್ಚಿ. ಎರಡು ಗಂಟೆ ಅದರ ಗೋಜಿಗೆ ಹೋಗಬೇಡಿ. ಇಡೀ ಅಡುಗೆಯ ಪ್ರಾಣ ಈ ಎರಡು ಗಂಟೆಯಲ್ಲಿದೆ! ಬೆರಳಿನಿಂದ ಒತ್ತಿದ ಗುಳಿ ಹಾಗೇ ಉಳಿದರೆ ಹಿಟ್ಟು ಸಿದ್ಧ. ಲಟ್ಟಣಿಗೆಯಿಂದ ಸ್ವಲ್ಪ ಅಗಲ ಮಾಡಿ, ಮಧ್ಯೆ ಉದ್ದಕ್ಕೆ ಒಂದು ಕಡ್ಡಿಯಿಂದ ಒತ್ತಿ ಗೆರೆ ಹಾಕಿ. ಎರಡು ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಎಳೆಯುತ್ತಲೇ ನಡುಭಾಗವನ್ನು ಮೇಜಿಗೆ ಹೊಡೆಯಿರಿ. ಆ ಪೆಟ್ಟಿನ ಭಾರಕ್ಕೇ ಪಟ್ಟಿ ಉದ್ದವಾಗುತ್ತದೆ, ನಿಮ್ಮ ಬೆರಳು ಜಗ್ಗಬೇಕಿಲ್ಲ. ಕೊನೆಗೆ ಗೆರೆಯಲ್ಲಿ ಸೀಳಿ, ತಕ್ಷಣ ಕುದಿಯುವ ನೀರಿಗೆ ಬಿಡಿ. ಎರಡು ನಿಮಿಷದೊಳಗೆ ಬೇಯುತ್ತದೆ.

ಪ್ರಶ್ನೆ: ಈ ನೂಡಲ್ಸ್ 4000 ವರ್ಷ ಹಳೆಯದು ಎಂದು ಓದಿದೆ. ನಿಜವೇ?

ಉತ್ತರ: ನೂಡಲ್ಸ್ ಅಷ್ಟು ಹಳೆಯದು ಎನ್ನಬಹುದು, ಇದೇ ನೂಡಲ್ಸ್ ಎನ್ನಲಾಗದು. ಚಿಂಗ್‌ಹಾಯ್ ಪ್ರಾಂತ್ಯದ ಲಾಜಿಯಾ ಎಂಬಲ್ಲಿ ಮಣ್ಣಿನಡಿ ಬೋರಲು ಬಿದ್ದಿದ್ದ ಬಟ್ಟಲಿನೊಳಗೆ ತೆಳು ಹಳದಿ ಎಳೆಗಳು ಸಿಕ್ಕವು. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ವರದಿ ಬಂತು. ಆದರೆ ಅವು ನವಣೆ, ಬರಗಿನಂಥ ಸಿರಿಧಾನ್ಯದವು ಎಂದು ಆ ವರದಿಯೇ ಹೇಳಿತು. ಸಿರಿಧಾನ್ಯದಲ್ಲಿ ಗ್ಲೂಟನ್ ಇಲ್ಲ. ಗೋಧಿ ಹಿಟ್ಟಿನಂತೆ ಅದನ್ನು ಎಳೆಯಲು ಬಾರದು. ಅವನ್ನು ಹೇಗೆ ಮಾಡಿದ್ದರು ಎಂಬ ಬಗ್ಗೆ ಆಮೇಲೆ ವಿದ್ವಾಂಸರಲ್ಲಿ ವಾದವೂ ನಡೆಯಿತು.

ಪ್ರಶ್ನೆ: ಲಾನ್‌ಝೌ ನೂಡಲ್ಸ್‌ಗೆ ದನದ ಮಾಂಸದ ಸಾರು ಎಂದು ಕೇಳಿದ್ದೇನೆ. ನಾವು ಮಾಂಸ ತಿನ್ನುವುದಿಲ್ಲ. ಏನು ಮಾಡಬಹುದು?

ಉತ್ತರ: ಅಲ್ಲಿನ ಸಾರಿಗೆ ಅದೇ ಜೀವಾಳ. ಚೀನಾದ ಹುಯ್ ಎಂಬ ಸಮುದಾಯದ ಮುಸ್ಲಿಮರು ಬೆಳೆಸಿದ ಅಡುಗೆ ಅದು. ತಿಳಿ ಸಾರು, ಬಿಳಿ ಮೂಲಂಗಿ, ಕೆಂಪು ಖಾರದೆಣ್ಣೆ, ಹಸಿರು ಸೊಪ್ಪು, ಹಳದಿ ನೂಡಲ್ಸ್, ಈ ಐದೂ ಬಟ್ಟಲಿನಲ್ಲಿ ಇರಲೇಬೇಕು ಎನ್ನುತ್ತಾರೆ. ಮಾಂಸ ತೆಗೆದು ಅದೇ ಹೆಸರಿನಲ್ಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಿಮಗೆ ಶಾನ್‌ಕ್ಸಿಯ ಯೋಪೊ ನೂಡಲ್ಸ್ ಇದೆಯಲ್ವಾ! ಸಾರೇ ಬೇಡ. ಬೆಂದ ಅಗಲ ಪಟ್ಟಿಗೆ ಸೋಯಾ ಸಾಸ್, ವಿನೆಗರ್ ಹಾಕಿ. ಮೇಲೆ ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಸೊಪ್ಪು ಗುಡ್ಡೆ ಹಾಕಿ, ಹೊಗೆಯಾಡುವಷ್ಟು ಕಾದ ಎಣ್ಣೆಯನ್ನು ಅದರ ಮೇಲೇ ಸುರಿಯಿರಿ. ಬಟ್ಟಲು ಸ್ಟೀಲಿನದೋ ದಪ್ಪ ಪಿಂಗಾಣಿಯದೋ ಆಗಿರಲಿ. ಮುಖವನ್ನು ಸ್ವಲ್ಪ ದೂರವೇ ಇಟ್ಟುಕೊಳ್ಳಿ. ತಡ ಮಾಡದೆ ಕಲಸಿ ತಿನ್ನಿ, ಆರಿದರೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.