ವರಹ ಕರಗಿಸಲೇ? – ಸಂಪಾದಕರ ಉತ್ತರ

ಶಿವಮೊಗ್ಗದ ಓದುಗರೊಬ್ಬರ ಪತ್ರ ಬಂದಿದೆ. ಅವರ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಹಳೇ ವರಹ, ಅಂದರೆ ರಾಜರ ಕಾಲದ ಚಿನ್ನದ ನಾಣ್ಯ, ಸಿಕ್ಕಿದೆ. ಒಂದು ಕಡೆ ಕುಳಿತ ಮಗುವಿನಂಥ ದೇವರು, ಇನ್ನೊಂದು ಕಡೆ ಮೂರು ಸಾಲು ನಾಗರಿ ಅಕ್ಷರ. ಮಗಳ ಮದುವೆ ಹತ್ತಿರ ಬಂದಿದೆ. ಕರಗಿಸಿ ಸರಕ್ಕೆ ಸೇರಿಸೋಣ ಎಂದು ಅಂಗಡಿಯವರು ಹೇಳಿದ್ದಾರೆ. "ಫೋಟೊ ತೆಗೆದಿಟ್ಟಿದ್ದೇನೆ. ಪುಸ್ತಕಗಳಲ್ಲಿ ಇದರ ಚಿತ್ರವೂ ಇದೆ. ಸುಮ್ನೆ ಬೀರುವಿನಲ್ಲಿಟ್ಟು ಏನು ಲಾಭ?" ಎನ್ನುವುದು ಅವರ ಪ್ರಶ್ನೆ.

ಮದುವೆ ಖರ್ಚು ಏನೆಂದು ನನಗೂ ಗೊತ್ತು ಸ್ವಾಮಿ. ಚಿನ್ನ ನಿಮ್ಮದು, ಮಗಳೂ ನಿಮ್ಮವಳು. ಒಪ್ಪಿದೆ. ಆದರೆ ವರಹದ ತೂಕ ಸುಮಾರು 3.4 ಗ್ರಾಂ. ಅದರಲ್ಲಿ ವೇಸ್ಟೇಜು, ಮಜೂರಿ ಅಂತ ಕಳೆದರೆ ಸರದ ಕೊಂಡಿಗೆ ಸಾಕಾದರೆ ಹೆಚ್ಚು. ಅಷ್ಟಕ್ಕಾಗಿ ಕೃಷ್ಣದೇವರಾಯನನ್ನು ಮೂಸೆಗೆ ಹಾಕುತ್ತೀರಾ?

ನೀವು ಬರೆದಿರುವ ಗುರುತು ನೋಡಿದರೆ ಆ ಮೂರು ಸಾಲು 'ಶ್ರೀ ಪ್ರತಾಪ ಕೃಷ್ಣರಾಯ' ಎಂದೇ ಇರಬೇಕು. ರಾಯ 1514ರಲ್ಲಿ ಒಡಿಶಾದ ಗಜಪತಿ ಅರಸರಿಂದ ಉದಯಗಿರಿ ಕೋಟೆ ಗೆದ್ದ. ಅಲ್ಲಿಂದ ಬಾಲಕೃಷ್ಣನ ವಿಗ್ರಹ ತಂದು ಹಂಪಿಯಲ್ಲಿ ಗುಡಿ ಕಟ್ಟಿಸಿದ. ನಾಣ್ಯದ ಮೇಲೆ ಕುಳಿತಿರುವವನೂ ಆ ಬಾಲಕೃಷ್ಣನೇ ಎನ್ನುತ್ತಾರೆ ಬಲ್ಲವರು. ಹಿಂದಿನವರು ದೇವಿ ಎಂದುಕೊಂಡು ಇದನ್ನು 'ದುರ್ಗಿ ವರಹ' ಎಂದು ಕರೆದದ್ದೂ ಉಂಟು.

ಪುಸ್ತಕದಲ್ಲಿದೆ ಅಂತೀರಲ್ಲ, ಆ ಪುಸ್ತಕ ಹುಟ್ಟಿದ್ದು ಯಾವುದರಿಂದ? 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಡೊಮಿಂಗೊ ಪೇಸ್ ಒಂದು ಸಣ್ಣ ಮಾತು ಬರೆದಿಟ್ಟಿದ್ದಾನೆ: ಇಲ್ಲಿಯ ಚಿನ್ನದ ನಾಣ್ಯದಲ್ಲಿ ಎರಡು ಮೂರ್ತಿ ಇರುತ್ತವೆ, ಈಗಿನ ರಾಜ (ಅಂದರೆ ಕೃಷ್ಣದೇವರಾಯ) ಹೊಡೆಸಿದ್ದರಲ್ಲಿ ಮಾತ್ರ ಒಂದೇ. ಪರದೇಶದವನ ಮಾತು, ನಂಬುವುದು ಹೇಗೆ? ಅವನಿಗಿಂತ ಹಿಂದೆ ವಿಜಯನಗರ ಆಳಿದ ದೇವರಾಯರ ನಾಣ್ಯ ತೆಗೆದು ನೋಡಿ, ಉಮಾಮಹೇಶ್ವರರು ಜೋಡಿಯಾಗಿ ಕೂತಿದ್ದಾರೆ. ನಿಮ್ಮದನ್ನು ನೋಡಿ, ಒಬ್ಬನೇ. ಇಂಥವು ಯಾರದೋ ಮನೆಯಲ್ಲಿ ಕರಗದೆ ಉಳಿದಿದ್ದರಿಂದಲೇ ಪೇಸ್ ಕಣ್ಣಾರೆ ಕಂಡು ಬರೆದಿದ್ದಾನೆ ಎಂದು ಇವತ್ತು ಧೈರ್ಯವಾಗಿ ಹೇಳಬಹುದು. ನಿಮ್ಮ ಫೋಟೊಗೆ ತೂಕವಿಲ್ಲ, ಸವೆದ ಅಂಚೂ ಇಲ್ಲ.

ನಿಮ್ಮ ಸೀಮೆಯ ಕಥೆ ಇನ್ನೂ ಚೆನ್ನಾಗಿದೆ. ವಿಜಯನಗರ ಹೋದ ಮೇಲೂ ಇಕ್ಕೇರಿಯ ನಾಯಕರು ಶಿವಪಾರ್ವತಿಯರ ವರಹ ಹೊಡೆಸಿದರು. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಹಿಡಿದ ಹೈದರಾಲಿ ಆ ಶಿವಪಾರ್ವತಿಯರನ್ನು ಅಳಿಸಲಿಲ್ಲ. ಹಿಂದುಗಡೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರ್ಸಿಯಲ್ಲಿ ಹಾಕಿಸಿದ. ಜನ ನಂಬಿದ ನಾಣ್ಯದ ಮುಖ ಬದಲಿಸಿದರೆ ಪೇಟೆಯಲ್ಲಿ ಯಾರು ತಗೊಳ್ತಾರೆ? ಅಷ್ಟು ವ್ಯವಹಾರ ಜ್ಞಾನ ಅವನಿಗಿತ್ತು. ಈಗ ಇತಿಹಾಸದ ಹೆಸರಲ್ಲಿ ಟಿವಿಯಲ್ಲಿ ಕಿರುಚಾಡುವವರು ಇಂಥದ್ದೊಂದನ್ನು ಅಂಗೈಯಲ್ಲಿಟ್ಟು ನೋಡಿದ್ದಾರೋ ಇಲ್ಲವೋ!

ಸಿಟ್ಟು ಜಾಸ್ತಿ ಆಯಿತು, ಇರಲಿ. ನಮ್ಮವರ ರೀತಿಯೇ ಹೀಗೆ. ಮುತ್ತುರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂದು ಭಾಷಣ ಹೊಡೆಯುತ್ತೇವೆ. ಉತ್ಸವಕ್ಕೆ ಥರ್ಮಾಕೋಲಿನ ಸಿಂಹಾಸನ ಮಾಡಿಸುತ್ತೇವೆ. ಹಂಪಿ ಪಕ್ಕದ ಕಮಲಾಪುರದ ಮ್ಯೂಸಿಯಂನಲ್ಲಿ ನಾಣ್ಯದ ಗಾಜಿನ ಮುಂದೆ ಒಂದು ನಿಮಿಷ ನಿಲ್ಲುವುದಿಲ್ಲ, ಕಲ್ಲಿನ ರಥದ ಮುಂದೆ ಸೆಲ್ಫಿಗೆ ಓಡುತ್ತೇವೆ. ಊರಿನ ಒಂದು ಅಂಗಡಿಯಲ್ಲಿ ಇಂಥದೇ ವರಹವನ್ನು ಒರೆಗಲ್ಲಿಗೆ ಉಜ್ಜಿ ಅಕ್ಷರವೇ ಕಾಣದಂತೆ ಮಾಡಿದ್ದನ್ನು ನಾನೇ ನೋಡಿದ್ದೇನೆ.

ಪತ್ರ ಬರೆದು ಕೇಳಿದಿರಿ ಅಂದರೆ ನಿಮಗೂ ಮನಸ್ಸಿಲ್ಲ, ಅಲ್ವಾ? ಮಗಳಿಗೆ ಇದನ್ನೇ ಹಾಗೇ ಕೊಡಿ. ಮಾರಲೇಬೇಕಾದರೆ ನಾಣ್ಯವಾಗಿಯೇ ಮಾರಿ. ಅದಕ್ಕೂ ಮೊದಲು ನಾಣ್ಯ ಬಲ್ಲ ಇಬ್ಬರಿಗಾದರೂ ತೋರಿಸಿ, ನಕಲಿಗಳೂ ಬೇಕಾದಷ್ಟು ಓಡಾಡುತ್ತಿವೆ. ಹೊರದೇಶದವರು ಕೇಳಿದರೆ ಕಳಿಸಬೇಡಿ, 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ.