ಮುಂದಿನ ಬ್ರೇಕನ್ನು ಬಿಡಬೇಡಿ
ಪಾಂಡವಪುರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ದಿಢೀರನೆ ಅಡ್ಡ ಬಂದಾಗ ಬೈಕಿನ ಹಿಂದಿನ ಬ್ರೇಕ್ ಒಂದನ್ನೇ ಒತ್ತಿದರೆ ಸಾಕೇ ಎಂದು ಕೇಳಿದ್ದೀರಿ, ಸಾಲದು. ಬ್ರೇಕ್ ಹಿಡಿದೊಡನೆ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಬಲದ ಬಹುಪಾಲು ಮುಂದಿನ ಚಕ್ರದಿಂದಲೇ ಸಿಗುತ್ತದೆ, ಹಗುರಾದ ಹಿಂದಿನ ಚಕ್ರವಾದರೋ ಬೇಗನೆ ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಜಾರುತ್ತದೆ. ನಿಮ್ಮ ಗಾಡಿಯಲ್ಲಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದಿರುವುದರಿಂದ ಮುಂದಿನ ಲಿವರನ್ನು ಒಮ್ಮೆಲೇ ಜಗ್ಗದೆ, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು) ತಗ್ಗುವುದು ಕೈಗೆ ತಿಳಿಯುವವರೆಗೆ ಹದವಾಗಿ ಹಿಡಿದು, ಆಮೇಲೆ ಬಿಗಿ ಹೆಚ್ಚಿಸುತ್ತಾ, ಹ್ಯಾಂಡಲನ್ನು ನೇರವಾಗಿಟ್ಟು, ಹಿಂದಿನ ಬ್ರೇಕನ್ನೂ ಜೊತೆಗೆ ಮೆಲ್ಲನೆ ಒತ್ತಬೇಕು. ಮುಂದಿನ ಚಕ್ರ ಜಾರಿದಂತೆನಿಸಿದರೆ ತಕ್ಷಣ ಲಿವರ್ ಸಡಿಲಿಸಿ ಮತ್ತೆ ಹಿಡಿಯಿರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ 40ರಲ್ಲಿ ಸಾಗುವುದರ ಎರಡು ಪಟ್ಟಿಗೂ ಹೆಚ್ಚು. ಒಕ್ಕಣೆಗೆಂದು ರಸ್ತೆಯಲ್ಲಿ ಹರಡಿದ ಹುರುಳಿಯ ಮೇಲಂತೂ (ನಮ್ಮ ಕಡೆ ಆ ರೂಢಿ ನಿಲ್ಲುವಂತೆ ಕಾಣುವುದಿಲ್ಲ) ಯಾವ ಬ್ರೇಕೂ ಸರಿಯಾಗಿ ಹಿಡಿಯದು. ಅಲ್ಲಿಗೆ ತಲುಪುವ ಮೊದಲೇ ವೇಗ ತಗ್ಗಿಸಿಕೊಳ್ಳಿ.